ನಡುಮನೆಯ ನೆಲಕ್ಕೆ ಹೆಸರು

ನಿವೃತ್ತ ತಹಶೀಲ್ದಾರ್ ಚನ್ನವೀರಪ್ಪನವರದು ಮೂರೇ ಕೋಣೆಯ ಮನೆ. ಅದಕ್ಕೆ ಮರದ ನೆಲ ಹಾಸಲು ಬಡಗಿ ಮೌನೇಶಾಚಾರಿಯನ್ನು ಕರೆಸಿದರು. ಆಚಾರಿ ತೋರಿಸಿದ ಚೌಕುಳಿ, ಎಲೆಬಳ್ಳಿ ವಿನ್ಯಾಸ ಯಾವುದೂ ಅವರಿಗೆ ಹಿಡಿಸಲಿಲ್ಲ.

“ನಡುಮನೆ ಬಾಗಿಲ ಹತ್ತಿರವೇ, ನೆಲದಲ್ಲಿ ನನ್ನ ಹೆಸರು, ಹುದ್ದೆ ಎರಡನ್ನೂ ಕೂರಿಸು. ಆಗಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ.”

ಆಚಾರಿಗೆ ಕೆಲಸ ಬೇಕಿತ್ತು. ಆದರೆ ನಾಳೆ ಊರು ನಕ್ಕರೆ ಬೈಗುಳ ತನಗೇ ಎಂಬುದೂ ಗೊತ್ತಿತ್ತು. ಅಳತೆಪಟ್ಟಿ ಬಿಚ್ಚುತ್ತ ವಿನಯದಿಂದ ಕೇಳಿದ: “ಆಗಲಿ ಸಾಹೇಬ್ರೆ. ಅಕ್ಷರ ಯಾವ ಕಡೆಗೆ ಮುಖ ಮಾಡಿರಲಿ? ಬಂದವರು ಓದಿ ತುಳೀಬೇಕೋ, ತುಳಿದು ಓದಬೇಕೋ?”

ಸಾಹೇಬರು ಬಾಗಿಲು ನೋಡಿದರು. ತಮ್ಮ ಪಾದ ನೋಡಿಕೊಂಡರು.

“ಚೌಕುಳಿಯೇ ಹಾಕು.”

ನೆಲ ನೋಡಲು ಬಂದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: “ಈ ಬಡಗಿ ನನ್ನ ಹೆಸರು ಕೂರಿಸ್ತೀನಿ ಅಂತ ಹಟ ಹಿಡಿದಿದ್ದ. ಅಂಥ ಆಡಂಬರ ನನಗೆ ಆಗಲ್ಲಪ್ಪಾ ಅಂದೆ.”

ಪಕ್ಕದಲ್ಲೇ ನಿಂತಿದ್ದ ಆಚಾರಿ ಹೌದೆಂದು ತಲೆಯಾಡಿಸಿದ.