ಷಟರ್ ಮೇಲಿನ ಚಹಾ

ಹಳೇಪೇಟೆಯಲ್ಲಿ ಬಾಗಿಲು ತೆರೆದಿದ್ದದ್ದು ಹೊನ್ನೂರಪ್ಪನ ಚಹಾದಂಗಡಿ ಒಂದೇ. ಪೇಟೆಗೆ ಜೀವ ತುಂಬಲು ನಗರಸಭೆ ಕಮಿಷನರು ಪ್ರತಿ ಷಟರ್ ಮೇಲೂ ಅಂಗಡಿಯ ಚಿತ್ರ ಬರೆಸಿದರು. ಅದಕ್ಕೆ ಮೊಬೈಲ್ ಕ್ಯಾಮೆರಾ ಹಿಡಿದರೆ ಪರದೆಯಲ್ಲಿ ಚಿತ್ರದೊಳಗಿನ ಜನ ಓಡಾಡುತ್ತಿದ್ದರು.

"ಇವತ್ತು ಮಂತ್ರಿಗಳು ಬರ್ತಾರೆ. ನಿನ್ನ ಷಟರ್ ಕೂಡ ಎಳಿ, ಚಿತ್ರ ಕಾಣಬೇಕು," ಎಂದರು ಕಮಿಷನರು.

ಹೊನ್ನೂರಪ್ಪ ಷಟರ್ ಎಳೆದು ಮುಂದೆ ಕೂತ.

ಮಂತ್ರಿಗಳು ಮೊಬೈಲಿನಲ್ಲೇ ಪೇಟೆಯೆಲ್ಲ ನೋಡಿ ಮೆಚ್ಚಿದರು. ಬಿಸಿಲಿಗೆ ದಣಿದು ಚಹಾ ಕೇಳಿದರು.

"ಷಟರ್ ಎತ್ತೋ," ಕಮಿಷನರು ಪಿಸುಗುಟ್ಟಿದರು.

"ಎತ್ತಿದ್ರೆ ಚಿತ್ರ ಸುತ್ಕೊಂಡು ಮೇಲೆ ಹೋಗ್ತತಿ ಸಾಹೇಬ್ರೇ." ಹೊನ್ನೂರಪ್ಪ ಮಂತ್ರಿಗಳ ಕಡೆ ತಿರುಗಿದ. "ಮೊಬೈಲ್ ಇತ್ಲಾಗ್ ಹಿಡೀರಿ ಸ್ವಾಮಿ. ಅದರೊಳಗೆ ನಾನು ಚಹಾ ಸೋಸ್ತಾ ಇದೀನಿ."

ಕಮಿಷನರು ಕರವಸ್ತ್ರ ಹುಡುಕಿದರು. ಮಂತ್ರಿಗಳು ಮೊಬೈಲ್ ಕೆಳಗಿಳಿಸಿ, ಮೊದಲ ಸಲ ಬರಿಗಣ್ಣಿನಿಂದ ಬೀದಿ ನೋಡಿದರು.

ಯಾರೂ ಇರಲಿಲ್ಲ.