ಮೂರು ಥರ್ಮಾಮೀಟರ್, ಒಂದು ಜ್ವರ

“ಕೇಳ್ರಪ್ಪೋ ಕೇಳಿ! ಎಳೆಯ ರಾಜಕುಮಾರನಿಗೆ ಜ್ವರವೋ ಅಲ್ಲವೋ, ಅರಮನೆಯ ಮೂರು ಥರ್ಮಾಮೀಟರ್ ಮೂರು ಥರ ಹೇಳುತ್ತಿವೆ. ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ತಲೆದಂಡ!”

ಡಂಗುರ ಕೇಳಿ ಚಿಕ್ಕೀರ ಕೆಂಡದ ಬಾಣಲೆ ಕೆಳಗಿಟ್ಟ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಗೆ ಕೆಂಡ ಹೊರುವವನು ಅವನು. ರಾಣಿಯ ಹಲ್ಲು ಕಟಕಟ ಎನ್ನುವುದು ಬಾಗಿಲಾಚೆಗೂ ಕೇಳಿಸುತ್ತಿತ್ತು. “ಹಸಿ ಬಾಣಂತಿಗೆ ಚಳಿ ಇದ್ದದ್ದೇ, ಕೆಂಡ ತಾರೋ” ಎಂದು ಸೂಲಗಿತ್ತಿ ಗದರಿದ್ದಳು. ಕೆಂಡದವನ ಮಾತು ಯಾರಿಗೆ ಬೇಕು? ಒಗಟಿಗೆ ನಿಂತರೆ ಅರಸನೇ ಕಿವಿಗೊಡಬೇಕು. ತಲೆಯ ಆಸೆ ಬಿಟ್ಟು ರಾಜಸಭೆಗೆ ಹೊರಟ.

ಅರಸನಿಗೆ ಸಿಟ್ಟು ಮೂಗಿನ ತುದಿಯಲ್ಲೇ. “ಬೆಳಿಗ್ಗೆ ಹಣೆಗೆ ಹಿಡಿದರೆ ಜ್ವರ, ಮಧ್ಯಾಹ್ನ ಹಿಡಿದರೆ ಇಲ್ಲ. ಜ್ವರ ಎಲ್ಲಿಗೆ ಹೋಯಿತು?”

“ದೃಷ್ಟಿ ತೆಗೆದಾಗ ಇಳಿಯಿತು” ಎಂದ ಒಬ್ಬ ಸಾಮಂತ. ಭಟರು ಅವನನ್ನು ತಲೆದಂಡಕ್ಕೆಂದು ಸೆರೆಗೆ ಎಳೆದೊಯ್ದರು.

ಚಿಕ್ಕೀರ ಮುಂದೆ ಬಂದ. “ಜ್ವರ ಬಂದೇ ಇರ್ಲಿಲ್ಲ ಬುದ್ಧಿ. ಬೆಳಿಗ್ಗೆ ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕುಲಾವಿ ಕಟ್ಟಿ, ಆಮೇಲೆ ಹಣೆ ನೋಡ್ತಾರೆ. ಥರ್ಮಾಮೀಟರ್ ಹೇಳಿದ್ದು ಹಂಡೆ ಕಾವನ್ನ.”

“ಹೌದಲ್ಲ! ಒಂದು ಮನೆಗೆ ಮುಂಬಾಗಿಲು, ಪಕ್ಕದ ಬಾಗಿಲು, ಹಿಂಬಾಗಿಲು. ಒಳಮನೆಯ ಸುದ್ದಿ ಯಾವ ಬಾಗಿಲಿಗೆ ಸರಿಯಾಗಿ ಗೊತ್ತು?” ಎಂದ ಅರಸ.

“ಮುಂಬಾಗಿಲಿಗೆ” ಎಂದ ಮುತ್ತಿನ ವ್ಯಾಪಾರಿಯೂ ಸೆರೆಗೆ ಹೋದ.

“ಹಣೆ, ಕಂಕುಳು ಹೊರಗಿನ ಮಾತು ಬುದ್ಧಿ. ಹಸುಗೂಸಿಗೆ ಹಿಂಬಾಗಿಲೇ ನಿಜ” ಎಂದ ಚಿಕ್ಕೀರ. ರಾಜಕುಮಾರನ ಅಂಡಿನ ಮಾತು ತುಂಬಿದ ಸಭೆಯಲ್ಲಿ! ಮಂತ್ರಿ ಬಾಯಿಗೆ ಕೈ ಅಡ್ಡ ಇಟ್ಟ. ಅರಸ ಮಾತ್ರ ನಗಲಿಲ್ಲ.

“ಅಲ್ಲಿ ನೋಡಿದರೆ ಜ್ವರವೇ ಇಲ್ಲ. ಆದರೂ ತಾಯಿಯ ಮಡಿಲಲ್ಲಿ ಕೂಸಿನ ಮೈ ಸುಡುತ್ತದೆ, ತೊಟ್ಟಿಲಿಗೆ ಹಾಕಿದರೆ ತಣ್ಣಗಾಗುತ್ತದೆ. ಯಾಕೆ?”

ಚಿಕ್ಕೀರ ತಲೆಯೆತ್ತಿ ಅರಸನನ್ನೇ ನೋಡಿದ. “ಸುಡ್ತಿರೋದು ಮಡಿಲು ಬುದ್ಧಿ! ಅಮ್ಮಾವ್ರಿಗೆ ಯಾರಾದ್ರೂ ಥರ್ಮಾಮೀಟರ್ ಇಟ್ಟು ನೋಡಿದ್ರಾ?”

ಮೂರು ಥರ್ಮಾಮೀಟರ್ ಇದ್ದ ಅರಮನೆಯಲ್ಲಿ ಹೆತ್ತವಳಿಗೆ ಒಂದನ್ನೂ ಇಟ್ಟಿರಲಿಲ್ಲ. ಅರಸ ಬರಿಗಾಲಲ್ಲೇ ಓಡಿದ. ರಾಣಿಯ ನಾಲಿಗೆಯಡಿ ಇಟ್ಟ ಥರ್ಮಾಮೀಟರಿನಲ್ಲಿ ಪಾದರಸ ಏರಿತು, ಏರುತ್ತಲೇ ಹೋಯಿತು. ಸೂಲಗಿತ್ತಿ ಕುಸಿದು ಕೂತಳು. ಕೆಂಡ ಹೊರಗೆ ಹೋಯಿತು, ವೈದ್ಯರು ಒಳಗೆ ಬಂದರು.

ರಾಣಿ ಬದುಕಿದಳು. ಸೆರೆಯಲ್ಲಿದ್ದವರನ್ನೂ ಬಿಟ್ಟರು.

“ಏನು ಬೇಕೋ ಕೇಳು” ಎಂದ ಅರಸ.

“ಊರಿನ ಒಬ್ಬೊಬ್ಬ ಬಾಣಂತಿಗೂ ಎರಡೆರಡು ಥರ್ಮಾಮೀಟರ್ ಕೊಡಿಸಿ ಬುದ್ಧಿ. ಕೂಸಿಗೆ ಬೇರೆ, ತಾಯಿಗೆ ಬೇರೆ.”

“ಕೊಟ್ಟೆ. ನಿನ್ನ ಮನೆಯಲ್ಲೂ ಬಾಣಂತಿ ಇದ್ದಾಳೇನೋ?”

“ಇದ್ಲು, ಬುದ್ಧಿ.”