ಬಾಗಿಲಾಚೆ ಬರೆದ ‘ಬೇಡ’

ನದಿ ದಂಡೆಯ ಆ ಆಶ್ರಮದಲ್ಲೊಂದು ಕ್ಯಾನ್ಸರ್ ಆಸ್ಪತ್ರೆ. ಅಲ್ಲಿನ ಹಿರಿಯ ವೈದ್ಯೆ ನೀಲಾಂಬಿಕಮ್ಮನವರಿಗೆ ಕೋಪ ಮೂಗಿನ ತುದಿಯಲ್ಲೇ.

ಅವರ ಕೈಕೆಳಗಿನ ಕಿರಿಯ ವೈದ್ಯ, ಶಿಷ್ಯ ಚಿದಾನಂದ ಚಿಕಿತ್ಸೆಯ ಕಾಗದವೊಂದನ್ನು ತಂದುಕೊಟ್ಟ. ಹದಿನೈದರ ಭುವನಾಗೆ ಸೋಮವಾರದಿಂದ ಕೀಮೋ. ಆಮೇಲೆ ಅವಳಿಗೆ ಮಕ್ಕಳಾಗದೆ ಹೋಗಬಹುದು. ಅದಕ್ಕೇ ಮೊದಲೇ ಅಂಡಾಶಯದ ತುಣುಕು ತೆಗೆದು ಕಾಪಿಡುವ ದಾರಿಯೊಂದಿದೆ.

ಕಾಗದದಲ್ಲಿ ಆ ದಾರಿಯ ಮುಂದೆ ‘ಬೇಡ’ ಎಂದು ಬರೆದಿತ್ತು.

“ಯಾರು ಬೇಡ ಅಂದಿದ್ದು?”

“ಅವರಪ್ಪ. ಬಾಗಿಲಾಚೆ ಕರೆದು ಕೇಳಿದೆ. ಮೊದಲು ಜೀವ ಉಳೀಲಿ ಅಂದರು.”

“ಅವಳು?”

“ಅವಳಿಗೆ ಹೇಳಿಲ್ಲಮ್ಮ. ಚಿಕ್ಕ ಹುಡುಗಿ. ಅದನ್ನೆಲ್ಲ ಹೇಗೆ...”

“ಅದು ಅಂದರೆ ಯಾವುದೋ? ಬಾಯಿಬಿಟ್ಟು ಹೇಳು!”

“ಅದೇ ಅಮ್ಮ... ಆ ವಿಷಯ.”

“ಮತ್ತೆ ಅವಳಿಗೆ ಏನು ಹೇಳಿದೆ?”

“ಕೂದಲು ಉದುರುತ್ತೆ ಅಂತ. ಪಾಪ, ತುಂಬಾ ಅತ್ತಳು.”

“ಮತ್ತೆ ಬೆಳೆಯೋ ಕೂದಲಿನ ಮಾತು ಅವಳ ಹತ್ತಿರ. ಮತ್ತೆ ಬಾರದೆ ಇರಬಹುದಾದ್ದು ಬಾಗಿಲಾಚೆ, ಅಪ್ಪನ ಹತ್ತಿರ! ನಾಚಿಕೆ ಆಗಲ್ವೇನೋ ನಿನಗೆ?”

ಗುರು ಅಡುಗೆಯ ಪುಟ್ಟತಾಯಮ್ಮನನ್ನು ಕೂಗಿ ಕರೆದರು.

“ಪುಟ್ಟತಾಯಮ್ಮ, ಇವನಿಗೆ ಮುಂದೆ ಮಕ್ಕಳು ಬೇಕಾ, ಬೇಡವಾ? ನೀನೇ ಹೇಳಿಬಿಡು, ಬರೆದುಕೊಳ್ತೀನಿ.”

“ಅಯ್ಯೋ, ನನ್ನನ್ಯಾಕೆ ಕೇಳ್ತೀರಮ್ಮ? ಎದುರಿಗೇ ನಿಂತಿದ್ದಾರಲ್ಲ, ಅವರನ್ನೇ ಕೇಳಿ!”

“ಕೇಳಿಸಿತೇನೋ?” ಎಂದು ಗುರು ಕಾಗದವನ್ನು ಅವನತ್ತ ಎಸೆದರು.

ಚಿದಾನಂದ ಹೋದ. ಒಂದು ಗಂಟೆ ಬಿಟ್ಟು ಬಂದಾಗ ಅವನ ಅಂಗಿಯೆಲ್ಲ ಒದ್ದೆ.

“ಎಲ್ಲಾ ಬಿಡಿಸಿ ಹೇಳಿದೆನಮ್ಮ. ಅವರಪ್ಪನೂ ಇದ್ದರು. ನೀರಿನ ಲೋಟ ಎತ್ತಿ ಎಸೆದಳು. ‘ನನ್ನ ಮೈ ವಿಷಯ ನನಗೇ ಮುಚ್ಚಿಟ್ರಾ’ ಅಂತ ಕೂಗಾಡಿದಳು. ಅವರಪ್ಪ ಅಳ್ತಾ ಕೂತುಬಿಟ್ಟರು.”

“ಸರಿಯಾಗೇ ಕೇಳಿದ್ದಾಳೆ. ಆಮೇಲೆ?”

“ನನ್ನ ಪೆನ್ನು ಕಿತ್ತುಕೊಂಡು ‘ಬೇಡ’ ಅನ್ನೋದನ್ನ ಹೊಡೆದು ಹಾಕಿದಳು. ಬೇಕು ಅಂತಲೂ ಬರೀಲಿಲ್ಲ. ಯೋಚನೆ ಮಾಡಿ ನಾಳೆ ಹೇಳ್ತೀನಿ, ಅಲ್ಲಿವರೆಗೆ ಯಾರೂ ಏನೂ ಬರೀಬೇಡಿ ಅಂದಳು. ಪೆನ್ನು ಅವಳ ಹತ್ತಿರವೇ ಇದೆ.”

ಅವನು ಖಾಲಿ ಜೇಬು ತಡವಿಕೊಂಡು ಕೇಳಿದ: “ಬೇರೆ ಪೆನ್ನು ಇದ್ದರೆ ಕೊಡ್ತೀರಾಮ್ಮ?”

“ಕೊಡಲ್ಲ. ನೀನು ಬರೆದಿದ್ದು ಸಾಕು. ಹೋಗು, ಅವಳ ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಡು.”